ಕತ್ತರಿಗೆ ಕಾಣದ್ದು

2023ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ‘ಆಪನ್‌ಹೈಮರ್’ ನೋಡುತ್ತಿದ್ದಾಗ ನನ್ನ ಗಮನ ಇದ್ದಕ್ಕಿದ್ದಂತೆ ಕಥೆಯನ್ನು ಬಿಟ್ಟು ಒಂದು ಕಪ್ಪು ಉಡುಪಿನ ಮೇಲೆ ಹೋಯಿತು. ಹೋಟೆಲಿನ ಕೋಣೆಯಲ್ಲಿ ಎದುರುಬದುರಾಗಿ ಎರಡು ಕುರ್ಚಿಗಳಿವೆ. ಒಂದರಲ್ಲಿ ಚಿತ್ರದ ನಾಯಕನಾದ ವಿಜ್ಞಾನಿ ಬಟ್ಟೆಯಿಲ್ಲದೆ ಕುಳಿತಿದ್ದಾನೆ, ಇನ್ನೊಂದರಲ್ಲಿ ಅವನ ಹಳೆಯ ಗೆಳತಿ ಜೀನ್ ಟ್ಯಾಟ್‌ಲಾಕ್ ಕಪ್ಪು ಉಡುಪು ತೊಟ್ಟು ಕುಳಿತಿದ್ದಾಳೆ. ಆ ಉಡುಪಿಗೆ ಮಡಿಕೆಯಿಲ್ಲ, ಹೊಳಪಿಲ್ಲ, ಅವಳು ಅಲುಗಾಡಿದರೆ ಅದು ಅಲುಗಾಡುವ ರೀತಿಯಲ್ಲೇ ಏನೋ ವಿಚಿತ್ರವಿದೆ. ಅದನ್ನು ಹೊಲಿದದ್ದು ಯಾವ ದರ್ಜಿಯೂ ಅಲ್ಲ, ಕಂಪ್ಯೂಟರ್ ಎಂದು ಆಮೇಲೆ ತಿಳಿಯಿತು. ಭಾರತಕ್ಕೂ ಮಧ್ಯಪ್ರಾಚ್ಯದ ಕೆಲವು ದೇಶಗಳಿಗೂ ಕಳಿಸಿದ ಪ್ರತಿಗಳಲ್ಲಿ ನಟಿ ಫ್ಲಾರೆನ್ಸ್ ಪ್ಯೂ ಅವರ ಬರಿಮೈಯ ಮೇಲೆ ಆ ಬಟ್ಟೆಯನ್ನು ಬರೆದಿದ್ದರು.

ಆ ವಾರವೆಲ್ಲ ನಮ್ಮಲ್ಲಿ ನಡೆದ ಚರ್ಚೆ ಅದೇ ಚಿತ್ರದ ಇನ್ನೊಂದು ದೃಶ್ಯದ ಬಗ್ಗೆ. ಹಾಸಿಗೆಯಲ್ಲಿ ಭಗವದ್ಗೀತೆಯ ಸಾಲನ್ನು ಓದಿಸಿದ್ದು ಸರಿಯೇ, ಸೆನ್ಸಾರ್ ಮಂಡಳಿಯವರು ನಿದ್ದೆ ಹೋಗಿದ್ದರೇ ಎಂದು ಟಿವಿಯವರು ಕೇಳಿದರು. ನಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿಯೂ ಮೂರು ದಿನ ಅದೇ ಮಾತು. ಮುಚ್ಚಿದ್ದು ಸಾಲದು ಎಂಬುದು ಒಂದು ಪಕ್ಷವಾದರೆ, ಕಲಾಕೃತಿಯ ಮೇಲೆ ಕೈಯಾಡಿಸಿದ್ದೇ ತಪ್ಪು ಎಂಬುದು ಇನ್ನೊಂದು ಪಕ್ಷ. ಈ ಹೆಂಗಸು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ. ನಿಜವಾದ ಜೀನ್ ಟ್ಯಾಟ್‌ಲಾಕ್ ಸ್ಟ್ಯಾನ್‌ಫರ್ಡಿನಲ್ಲಿ ವೈದ್ಯಶಾಸ್ತ್ರ ಓದಿ, ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯಲ್ಲಿ ಮನೋವೈದ್ಯೆಯಾಗಿ ಕೆಲಸ ಮಾಡುತ್ತಿದ್ದವರು, ಕಮ್ಯುನಿಸ್ಟ್ ಪಕ್ಷದಲ್ಲಿದ್ದವರು, ಜಾನ್ ಡನ್‌ನ ಕಾವ್ಯದ ಹುಚ್ಚನ್ನು ಆಪನ್‌ಹೈಮರ್‌ಗೆ ಹಿಡಿಸಿದವರು, 1944ರ ಜನವರಿಯಲ್ಲಿ 29ನೆಯ ವಯಸ್ಸಿಗೆ ತೀರಿಕೊಂಡವರು. ಮೂರು ಗಂಟೆಯ ಚಿತ್ರ ಆಕೆಗೆ ಕೊಡುವುದು ಕೆಲವೇ ನಿಮಿಷ, ಆ ಕೆಲವು ನಿಮಿಷಗಳಲ್ಲೂ ಒಂದು ದೊಡ್ಡ ಪಾಲು ಬಟ್ಟೆಯಿಲ್ಲದ್ದು. ಆಕೆ ರೋಗಿಯ ಮುಂದೆ ಕುಳಿತದ್ದನ್ನು ನಾವು ಒಂದು ಗಳಿಗೆಯೂ ನೋಡುವುದಿಲ್ಲ. ಕಪ್ಪು ಉಡುಪು ತೊಡಿಸಿದ್ದರಿಂದ ಈ ಕೊರತೆಯಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.

ನಾನು ಆ ಚಿತ್ರಕ್ಕೆ ಅನ್ಯಾಯ ಮಾಡಬಾರದು. ವಿಚಾರಣೆಯ ಕೋಣೆಯಲ್ಲಿ ಗಂಡ ತನ್ನ ಹಳೆಯ ಸಂಬಂಧದ ಬಗ್ಗೆ ಉತ್ತರ ಕೊಡಬೇಕಾಗಿ ಬಂದಾಗ, ಹಿಂದೆ ಕುಳಿತ ಹೆಂಡತಿ ಕಿಟ್ಟಿಯ ಕಣ್ಣಿಗೆ ಅವನೂ ಆ ಗೆಳತಿಯೂ ಎಲ್ಲರೆದುರು ಬತ್ತಲೆಯಾಗಿ ಕಾಣಿಸುವ ಒಂದು ಗಳಿಗೆಯಿದೆ. ಅಲ್ಲಿ ಬತ್ತಲೆಗೆ ಅರ್ಥವಿದೆ, ಏಕೆಂದರೆ ನೋಡುತ್ತಿರುವವಳು ಯಾರು, ಅವಳಿಗೆ ಏನಾಗುತ್ತಿದೆ ಎಂಬುದು ನಮಗೆ ಗೊತ್ತಿರುತ್ತದೆ. ನಮ್ಮ ಮಂಡಳಿಯ ಕತ್ತರಿಯ ಲೆಕ್ಕದಲ್ಲಿ ಈ ಎರಡು ದೃಶ್ಯಗಳೂ ಒಂದೇ. ಎಷ್ಟು ಚರ್ಮ ಕಾಣುತ್ತದೆ, ಎಷ್ಟು ಸೆಕೆಂಡು ಕಾಣುತ್ತದೆ ಎಂಬುದಷ್ಟೇ ಅದಕ್ಕೆ ಗೊತ್ತು. ಹೆಣ್ಣನ್ನು ಕಾಮದ ಸರಕಾಗಿ ತೋರಿಸುವುದಕ್ಕೂ ಬತ್ತಲೆಗೂ ಇರುವ ನಂಟು ನಾವು ತಿಳಿದಿರುವುದಕ್ಕಿಂತ ಬಹಳ ತೆಳ್ಳಗಿನದು ಎಂದು ನನಗೆ ಅನ್ನಿಸತೊಡಗಿದ್ದು ಆಗಲೇ.

ಈ ಮಾತನ್ನು ಬಿಡಿಸಿ ಹೇಳಿದವರು ಬ್ರಿಟನ್ನಿನ ಸಿನಿಮಾ ಚಿಂತಕಿ ಲಾರಾ ಮಲ್ವಿ. 1975ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಹಳೆಯ ಹಾಲಿವುಡ್ ಚಿತ್ರಗಳನ್ನು ಮುಂದಿಟ್ಟುಕೊಂಡು, ಆ ಚಿತ್ರಗಳಲ್ಲಿ ಗಂಡು ನೋಡುವವನಾಗಿ, ಹೆಣ್ಣು ನೋಡಿಸಿಕೊಳ್ಳುವವಳಾಗಿ ಹಂಚಿಹೋಗಿರುವ ಬಗೆಯನ್ನು ವಿವರಿಸಿದರು. ಕ್ಯಾಮೆರಾ ನೋಡುತ್ತದೆ, ಕಥೆಯೊಳಗಿನ ಗಂಡು ನೋಡುತ್ತಾನೆ, ಕತ್ತಲೆಯಲ್ಲಿ ಕುಳಿತ ಪ್ರೇಕ್ಷಕನು ಆ ಇಬ್ಬರ ಕಣ್ಣನ್ನು ಎರವಲು ಪಡೆದು ನೋಡುತ್ತಾನೆ. ಅವಳು ಬಂದಾಗ ಕಥೆ ಒಂದು ಕ್ಷಣ ನಿಲ್ಲುತ್ತದೆ. ಕಾಲ್ಗೆಜ್ಜೆಯಿಂದ ಹೊರಟು ಸೊಂಟದಲ್ಲಿ ತಂಗಿ ಮುಖಕ್ಕೆ ಕೊನೆಯಲ್ಲಿ ತಲುಪುವ ಕ್ಯಾಮೆರಾವನ್ನು ನೋಡುತ್ತಲೇ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮಲ್ಲಿ ಎಷ್ಟೋ ಜನ, ಹಾಲಿವುಡ್ಡಿನವರು ಇದನ್ನೆಲ್ಲ ದಾಟಿ ಮುಂದೆ ಹೋಗಿದ್ದಾರೆ, ಅವರಲ್ಲಿ ಇರುವುದು ಬರೀ ಬಿಚ್ಚುಮನಸ್ಸು ಎಂದು ನಂಬಿದ್ದೇವೆ. ನಾನೂ ನಂಬಿದ್ದೆ.

ಕಳೆದ ವರ್ಷ ನ್ಯೂಜೆರ್ಸಿಯಲ್ಲಿರುವ ತಂಗಿಯ ಮನೆಯಲ್ಲಿ ಎರಡು ತಿಂಗಳು ಇದ್ದೆ. ಅವಳ ಮಗಳಿಗೆ ಹದಿನೈದು. ಕಾರು, ಎಂಜಿನ್, ರೋಬೋಟ್ ಎಂದರೆ ಊಟ ಬಿಡುವ ಹುಡುಗಿ. ಶಾಲೆಯ ರೋಬೋಟಿಕ್ಸ್ ತಂಡದಲ್ಲಿದ್ದಾಳೆ. ಒಂದು ಶನಿವಾರ ಇಬ್ಬರೂ ಕುಳಿತು 2007ರ ‘ಟ್ರಾನ್ಸ್‌ಫಾರ್ಮರ್ಸ್’ ಹಾಕಿಕೊಂಡೆವು. ನಿರ್ದೇಶಕರು ಮೈಕೆಲ್ ಬೇ. ಮಿಕೇಲಾ ಎಂಬ ಹುಡುಗಿಯ ಪಾತ್ರದಲ್ಲಿ ಮೇಗನ್ ಫಾಕ್ಸ್. ನಾಯಕನ ಹಳೆಯ ಹಳದಿ ಕಾರು ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ. ಅವನಿಗೆ ಏನೂ ಗೊತ್ತಿಲ್ಲ. ಬಾನೆಟ್ ಎತ್ತಿ ನೋಡುವವಳು ಅವಳು. ಕಾರ್ಬ್ಯುರೇಟರ್ ಯಾವ ಬಗೆಯದು, ದೋಷ ಎಲ್ಲಿದೆ ಎಂದು ಹೇಳುವವಳು ಅವಳು. ಕಾರಿನ ವಿಷಯದಲ್ಲಿ ತಮಗಿಂತ ಹೆಚ್ಚು ತಿಳಿದ ಹುಡುಗಿಯನ್ನು ಹುಡುಗರು ಸಹಿಸುವುದಿಲ್ಲ, ಅದಕ್ಕೇ ಈ ವಿದ್ಯೆಯನ್ನು ಹೇಳಿಕೊಂಡು ತಿರುಗುವುದಿಲ್ಲ ಎಂದು ತಣ್ಣಗೆ ನುಡಿಯುವವಳೂ ಅವಳೇ. ಬರೆದ ಹಾಳೆಯ ಮೇಲೆ ಓದಿದರೆ ಇದು ಆ ಚಿತ್ರದ ಅತ್ಯಂತ ಒಳ್ಳೆಯ ಪಾತ್ರ. ಆದರೆ ಅವಳು ಎಂಜಿನ್ನಿನ ಬಗ್ಗೆ ಮಾತಾಡುತ್ತಿರುವಷ್ಟು ಹೊತ್ತು ಕ್ಯಾಮೆರಾ ಅವಳ ಬರಿಯ ಸೊಂಟ, ಬೆವರು ಮಿಂಚುವ ಹೊಟ್ಟೆ, ಬಾನೆಟ್ಟಿಗೆ ಒರಗಿದ ಮೈಯ ಬಳುಕು ಇವುಗಳ ಮೇಲೆ ತೆವಳುತ್ತಿರುತ್ತದೆ. ಹೊತ್ತು ಮುಳುಗುವ ಕೆಂಪು ಬೆಳಕು ಬೇರೆ.

ತಂಗಿಯ ಮಗಳು ಸೋಫಾದಿಂದ ಮುಂದಕ್ಕೆ ಬಾಗಿ, “ದೊಡ್ಡಮ್ಮ, ಎಂಜಿನ್ ತೋರಿಸ್ತಾನೇ ಇಲ್ವಲ್ಲ!” ಎಂದಳು.

ಮುಜುಗರದಿಂದ ಆಡಿದ ಮಾತಲ್ಲ ಅದು. ಅವಳಿಗೆ ನಿಜವಾಗಿಯೂ ಎಂಜಿನ್ ನೋಡಬೇಕಾಗಿತ್ತು. ಅವಳು ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಓಡಿಸಿ ಮತ್ತೊಮ್ಮೆ ನೋಡಿದಳು. ಎರಡನೆಯ ಸಲವೂ ಎಂಜಿನ್ ಸಿಗಲಿಲ್ಲ. ಪ್ರಬಂಧಗಳಲ್ಲಿ ಓದಿ ತಲೆದೂಗಿದ್ದ ವಿಷಯ ನನಗೆ ನಿಜವಾಗಿ ಅರ್ಥವಾದದ್ದು ಆ ಕ್ಷಣದಲ್ಲಿ. ಪಾತ್ರಕ್ಕೆ ಬುದ್ಧಿ ಕೊಡುವುದು, ಮಾತು ಕೊಡುವುದು, ಧೈರ್ಯ ಕೊಡುವುದು ಬರಹಗಾರನ ಕೈಯಲ್ಲಿದೆ. ಅದೇ ಚಿತ್ರದ ಕೊನೆಗೆ ಮಿಕೇಲಾ ಕಾಲು ಮುರಿದ ರೋಬೋಟನ್ನು ಟೋ ಟ್ರಕ್ಕಿಗೆ ಕಟ್ಟಿಕೊಂಡು ಹಿಮ್ಮುಖವಾಗಿ ಯುದ್ಧಭೂಮಿಗೆ ನುಗ್ಗುತ್ತಾಳೆ. ಆದರೆ ಕೊಟ್ಟದ್ದೆಲ್ಲವನ್ನೂ ಕ್ಯಾಮೆರಾ ಒಂದು ಹೊರಳಿನಲ್ಲಿ ಕಸಿದುಕೊಳ್ಳಬಲ್ಲದು. ಸಿನಿಮಾ ನೋಡಿ ಹೊರಬಂದವರನ್ನು ಮಿಕೇಲಾ ಏನು ಹೇಳಿದಳು ಎಂದು ಕೇಳಿ ನೋಡಿ, ಒಬ್ಬರಿಗೂ ನೆನಪಿರುವುದಿಲ್ಲ.

ಮೇಗನ್ ಫಾಕ್ಸ್ ಅವರ ಮಟ್ಟಿಗೆ ಈ ಕಥೆ ಅದಕ್ಕೂ ಮೊದಲೇ ಶುರುವಾಗಿತ್ತು. 2003ರ ‘ಬ್ಯಾಡ್ ಬಾಯ್ಸ್ 2’ ಚಿತ್ರದಲ್ಲಿ, ಇದೇ ನಿರ್ದೇಶಕರ ಕೈಕೆಳಗೆ, ಹದಿನೈದು ವರ್ಷದ ತಾನು ಬಿಕಿನಿ ತೊಟ್ಟು ಗುಂಪಿನಲ್ಲಿ ನಿಂತದ್ದನ್ನು ಅವರು 2009ರಲ್ಲಿ ಟಿವಿಯ ರಾತ್ರಿಯ ಹರಟೆ ಕಾರ್ಯಕ್ರಮವೊಂದರಲ್ಲಿ ಹೇಳಿದರು. ವಯಸ್ಸು ಸಾಲದ್ದರಿಂದ ಬಾರಿನಲ್ಲಿ ಕೈಯಲ್ಲಿ ಗ್ಲಾಸ್ ಹಿಡಿದು ಕೂರಿಸುವಂತಿಲ್ಲ ಎಂದಾಗ, ಅದಕ್ಕೆ ಹುಡುಕಿದ ಪರಿಹಾರವೆಂದರೆ ಅವಳನ್ನು ನೀರು ಸುರಿಯುವ ಕಡೆ ನಿಲ್ಲಿಸಿ ಕುಣಿಸುವುದು. ಆ ಕಾರ್ಯಕ್ರಮದಲ್ಲಿದ್ದ ಜನ ಇದನ್ನು ಕೇಳಿ ನಕ್ಕರು. 2020ರಲ್ಲಿ ಅದೇ ತುಣುಕು ಮತ್ತೆ ಹರಿದಾಡಿದಾಗ ಯಾರಿಗೂ ನಗು ಬರಲಿಲ್ಲ. ನಿರ್ದೇಶಕರು ತನ್ನ ಮೇಲೆ ಯಾವ ದೌರ್ಜನ್ಯವನ್ನೂ ಎಸಗಿರಲಿಲ್ಲ ಎಂದು ಆಗ ಅವರೇ ಸ್ಪಷ್ಟಪಡಿಸಿದ್ದನ್ನೂ ಇಲ್ಲಿ ಹೇಳಲೇಬೇಕು. ನನ್ನನ್ನು ಕಾಡುವುದು ಆ ಪರಿಹಾರದ ಹಿಂದಿನ ತರ್ಕ. ಬಾಲಕಿಯ ಕೈಯಲ್ಲಿ ಮದ್ಯದ ಗ್ಲಾಸ್ ಕಂಡರೆ ನಿಯಮ ಮುರಿಯುತ್ತದೆ. ಒದ್ದೆ ಬಿಕಿನಿಯಲ್ಲಿ ಕುಣಿದರೆ ಮುರಿಯುವುದಿಲ್ಲ. ಇದೇ ತರ್ಕದ ಮುಂದುವರಿದ ಭಾಗವನ್ನು 2014ರ ನಾಲ್ಕನೆಯ ‘ಟ್ರಾನ್ಸ್‌ಫಾರ್ಮರ್ಸ್’ನಲ್ಲಿ ನೋಡಬಹುದು. ಅಲ್ಲಿ ಹದಿನೇಳರ ಹುಡುಗಿಯ ಇಪ್ಪತ್ತು ವರ್ಷದ ಗೆಳೆಯ, ತಮ್ಮ ಸಂಬಂಧಕ್ಕೆ ಟೆಕ್ಸಸ್ ರಾಜ್ಯದ ಕಾನೂನಿನಲ್ಲಿ ವಿನಾಯಿತಿಯಿದೆ ಎಂದು ಸಾಬೀತುಪಡಿಸಲು ಲ್ಯಾಮಿನೇಟ್ ಮಾಡಿಸಿದ ಚೀಟಿಯೊಂದನ್ನು ಜೇಬಿನಿಂದ ತೆಗೆದು ಅವಳ ಅಪ್ಪನಿಗೆ ತೋರಿಸುತ್ತಾನೆ. ಲೋಕ ಮುಳುಗುತ್ತಿರುವಾಗ ಕಥೆ ನಿಂತು ಈ ಚೀಟಿಯನ್ನು ಓದಿಸುತ್ತದೆ. ಮಕ್ಕಳ ಆಟಿಕೆಗಳಿಂದ ಹುಟ್ಟಿದ ಸಿನಿಮಾ ಸರಣಿ ಇದು ಎಂಬುದನ್ನು ಮರೆಯಬಾರದು.

ಇದು ಒಬ್ಬ ನಿರ್ದೇಶಕರ ಚಪಲವಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಸ್ಟೇಸಿ ಸ್ಮಿತ್ ಮತ್ತು ಸಂಗಡಿಗರು 2007ರಿಂದ ಈಚಿನ ವರ್ಷಗಳ ತಲಾ ನೂರು ಜನಪ್ರಿಯ ಚಿತ್ರಗಳನ್ನು ತೆಗೆದುಕೊಂಡು, ಮಾತಿರುವ ಪ್ರತಿಯೊಂದು ಪಾತ್ರವನ್ನೂ ಎಣಿಸುತ್ತ ಬಂದಿದ್ದಾರೆ. 2014ರ ಚಿತ್ರಗಳಲ್ಲಿ ಮೈ ತೋರುವ ಕಾಮೋದ್ದೀಪಕ ಉಡುಪಿನಲ್ಲಿ ಕಂಡ ಹೆಣ್ಣು ಪಾತ್ರಗಳು ಶೇಕಡಾ 28ರಷ್ಟಾದರೆ ಗಂಡು ಪಾತ್ರಗಳು ಶೇಕಡಾ 8. ಹದಿಮೂರರಿಂದ ಇಪ್ಪತ್ತರೊಳಗಿನ ಹುಡುಗಿಯರ ಪಾತ್ರಗಳನ್ನು ಹೀಗೆ ತೋರಿಸುವ ಪ್ರಮಾಣ, ಇಪ್ಪತ್ತೊಂದರಿಂದ ಮೂವತ್ತೊಂಬತ್ತರ ಹೆಂಗಸರಿಗಿಂತ ಕಡಿಮೆಯೇನೂ ಇರಲಿಲ್ಲ. ಆ ವರ್ಷ ಮಾತಿರುವ ಪಾತ್ರಗಳಲ್ಲಿ ಹೆಂಗಸರು ಇದ್ದದ್ದೇ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇದು ಹೀಗೇಕೆ ಉಳಿದುಕೊಂಡಿತು ಎಂಬುದಕ್ಕೆ ಅಮೆರಿಕದ ಪ್ರಮಾಣಪತ್ರದ ಪದ್ಧತಿಯಲ್ಲಿ ಒಂದು ಉತ್ತರವಿದೆ. 1934ರಿಂದ 1968ರವರೆಗೆ ಅಲ್ಲಿನ ಸ್ಟುಡಿಯೋಗಳು ತಾವೇ ಒಪ್ಪಿಕೊಂಡ ಕಟ್ಟುನಿಟ್ಟಿನ ಸಂಹಿತೆಯೊಂದಕ್ಕೆ ತಲೆಬಾಗಿದ್ದವು. ಅದು ಹೋಗಿ 1968ರಲ್ಲಿ ವಯಸ್ಸಿಗೆ ತಕ್ಕಂತೆ ಪ್ರಮಾಣಪತ್ರ ಕೊಡುವ ಪದ್ಧತಿ ಬಂತು. 1984ರಲ್ಲಿ ಪಿಜಿ-13 ಎಂಬ ಹೊಸ ದರ್ಜೆಯೊಂದು ಹುಟ್ಟಿತು, ಹದಿಮೂರು ತುಂಬದ ಮಕ್ಕಳ ವಿಷಯದಲ್ಲಿ ಹೆತ್ತವರು ಎಚ್ಚರವಾಗಿರಲಿ ಎಂಬ ಸೂಚನೆಯೊಂದಿಗೆ. ಕೋಟಿಗಟ್ಟಲೆ ಡಾಲರ್ ಸುರಿದು ತೆಗೆಯುವ ದೊಡ್ಡ ಚಿತ್ರಗಳಲ್ಲಿ ಹೆಚ್ಚಿನವು ಈಗ ಬಯಸುವುದು ಈ ದರ್ಜೆಯನ್ನೇ, ಏಕೆಂದರೆ ಟಿಕೆಟ್ ಕೊಳ್ಳುವ ಹದಿಹರೆಯದವರನ್ನು ಬಾಗಿಲಲ್ಲಿ ತಡೆಯುವಂತಿರಬಾರದು. ಕಾಮವನ್ನು ಉದ್ದೇಶಿಸಿದ ಬತ್ತಲೆ ಈ ದರ್ಜೆಯಲ್ಲಿ ನಡೆಯುವುದಿಲ್ಲ. ಆದ್ದರಿಂದ ಬಟ್ಟೆ ಮೈಮೇಲೆ ಉಳಿಯಿತು, ಆದರೆ ಅದು ಚರ್ಮಕ್ಕೆ ಅಂಟಿಕೊಂಡಿತು, ಕ್ಯಾಮೆರಾ ಕೆಳಗಿಳಿಯಿತು, ದೃಶ್ಯದ ವೇಗ ನಿಧಾನವಾಯಿತು. ಏನು ಕಾಣುತ್ತದೆ ಎಂಬುದನ್ನು ಮಂಡಳಿ ಎಣಿಸುತ್ತದೆ; ಹೇಗೆ ನೋಡಲಾಗುತ್ತಿದೆ ಎಂಬುದನ್ನು ಎಣಿಸುವ ಯಾವ ಅಳತೆಗೋಲೂ ಅದರ ಬಳಿ ಇಲ್ಲ. ನಮ್ಮ ಮಂಡಳಿಗೂ ಅವರ ಮಂಡಳಿಗೂ ಇರುವ ಸಾಮ್ಯ ಇಲ್ಲಿದೆ.

ಇದರ ಇನ್ನೊಂದು ಮಗ್ಗುಲನ್ನೂ ನೋಡಿ. 2010ರಲ್ಲಿ ‘ಬ್ಲೂ ವ್ಯಾಲೆಂಟೈನ್’ ಎಂಬ ಸಣ್ಣ ಚಿತ್ರಕ್ಕೆ, ಅಂದರೆ ಮುರಿದುಬೀಳುತ್ತಿರುವ ದಾಂಪತ್ಯವೊಂದರ ಕಥೆಗೆ, ಅದೇ ಮಂಡಳಿ ಮೊದಲು ಎನ್‌ಸಿ-17 ಎಂಬ ಅತ್ಯಂತ ಕಠಿಣ ದರ್ಜೆಯನ್ನು ಕೊಟ್ಟಿತು. ಆ ದರ್ಜೆ ಬಂದರೆ ಎಷ್ಟೋ ಚಿತ್ರಮಂದಿರಗಳು ಚಿತ್ರವನ್ನು ಹಾಕುವುದೇ ಇಲ್ಲ. ಆಗ ಹೆಚ್ಚು ಚರ್ಚೆಯಾದದ್ದು ನಾಯಕಿಗೆ ನಾಯಕ ಸುಖ ಕೊಡುವ ಒಂದು ದೃಶ್ಯದ ಬಗ್ಗೆ. ಅವಳ ಮೈ ಅಲ್ಲಿ ಹೆಚ್ಚೇನೂ ಕಾಣುವುದಿಲ್ಲ, ಕಾಣುವುದು ಅವಳ ಮುಖದ ಮೇಲಿನ ಸುಖ. ಮೇಲ್ಮನವಿಯಾಗಿ ಡಿಸೆಂಬರಿನಲ್ಲಿ ದರ್ಜೆ ಕೆಳಗಿಳಿಯಿತು. ಅಲ್ಲಿ ಸುಖ ಅವಳದ್ದಾಗಿತ್ತು. ಮಿಕೇಲಾಳ ಬೆವರು ಮಾತ್ರ ನೋಡುವವರದ್ದು. ಎರಡನೆಯದಕ್ಕೆ ಮಕ್ಕಳೊಂದಿಗೆ ಪ್ರವೇಶ ಸಿಕ್ಕಿತು. ಕಾಮ ಹೆಚ್ಚಾಯಿತು ಎಂದು ಅಮೆರಿಕದ ಸಿನಿಮಾವನ್ನು ಬೈಯುವ ನಮ್ಮ ಹಿರಿಯರಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ: ಹೆಣ್ಣಿನ ಕಾಮವಂತೂ ಅಲ್ಲಿ ಬಹಳ ಕಡಿಮೆ.

ಕ್ಯಾಮೆರಾದ ಮಾತಿಗೆ ಮರಳುತ್ತೇನೆ. ಅಕ್ಕಸಾಲಿಗರು ಒರೆಗಲ್ಲಿಗೆ ತಿಕ್ಕಿ ನೋಡುವಂತೆ ಇದನ್ನು ಪರೀಕ್ಷಿಸಲು 2017ನೆಯ ಇಸವಿ ಒಂದು ಅವಕಾಶವನ್ನು ತಾನಾಗಿಯೇ ಒದಗಿಸಿತು. ಜೂನ್ ತಿಂಗಳಿನಲ್ಲಿ ಪ್ಯಾಟಿ ಜೆಂಕಿನ್ಸ್ ನಿರ್ದೇಶಿಸಿದ ‘ವಂಡರ್ ವುಮನ್’ ಬಂತು. ನವೆಂಬರಿನಲ್ಲಿ, ಝ್ಯಾಕ್ ಸ್ನೈಡರ್ ಶುರುಮಾಡಿ ಜಾಸ್ ವೀಡನ್ ಮುಗಿಸಿದ ‘ಜಸ್ಟಿಸ್ ಲೀಗ್’ ಬಂತು. ಎರಡರಲ್ಲೂ ಅದೇ ಯೋಧೆಯ ಪಾತ್ರ, ಅದೇ ನಟಿ ಗಾಲ್ ಗಡೋಟ್, ಹೆಚ್ಚುಕಡಿಮೆ ಅದೇ ಕವಚ, ಅಷ್ಟೇ ಬರಿದಾದ ತೊಡೆ. ಮೊದಲನೆಯ ಚಿತ್ರದಲ್ಲಿ ಅವಳು ಕಂದಕದಿಂದ ಏಣಿ ಹತ್ತಿ ಗುಂಡಿನ ಮಳೆಗೆ ಎದುರಾಗಿ ನಡೆಯುವಾಗ ನಮಗೆ ಮೊದಲು ಬಿಡಿಬಿಡಿಯಾಗಿ ಕಾಣುವುದು ಗುರಾಣಿ, ಬೂಟು, ಕೈಪಟ್ಟಿ. ಆಮೇಲೆ ಪೂರ್ತಿಯಾಗಿ ಅವಳು. ಮೈಯ ತುಂಡುಗಳನ್ನು ಅಲ್ಲಿಯೂ ತೋರಿಸಿದ್ದಾರೆ, ಆದರೆ ಪ್ರತಿಯೊಂದು ತುಂಡೂ ಒಂದು ಕೆಲಸ ಮಾಡುತ್ತಿದೆ. ಐದು ತಿಂಗಳಾದ ಮೇಲೆ ಬಂದ ಎರಡನೆಯ ಚಿತ್ರದಲ್ಲಿ ಕ್ಯಾಮೆರಾ ಅವಳ ಬೆನ್ನ ಹಿಂದೆ ತಗ್ಗಿನಲ್ಲಿ ಕುಳಿತಿರುತ್ತದೆ. ಸಂಗಡಿಗ ವೀರನೊಬ್ಬ ಜಾರಿ ಅವಳ ಎದೆಯ ಮೇಲೆ ಬೀಳುವುದು ಅಲ್ಲಿ ತಮಾಷೆ. ಅವಳ ನಾಡಿನ ಯೋಧೆಯರಿಗೆ ಮೊದಲ ಚಿತ್ರದಲ್ಲಿ ಮುಂಡವನ್ನು ಕಾಯುವ ಕವಚವಿತ್ತು. ಎರಡನೆಯದರಲ್ಲಿ ಕೆಲವರು ಹೊಟ್ಟೆ ತೆರೆದ ತೊಗಲಿನ ತುಂಡುಗಳಲ್ಲಿ ನಿಂತಿದ್ದರು. ಎರಡೂ ಚಿತ್ರಗಳ ಕ್ಯಾಮೆರಾ ಹಿಡಿದವರು ಗಂಡಸರೇ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಹಾಗಾಗಿ ಛಾಯಾಗ್ರಹಣದಲ್ಲಿ ಹೆಂಗಸರು ಹೆಚ್ಚಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಸುಲಭದ ಮಾತನ್ನು ನಾನು ಒಪ್ಪಲಾರೆ; ಆದರೂ ಅಲ್ಲಿನ ದೊಡ್ಡ ಚಿತ್ರಗಳ ಛಾಯಾಗ್ರಾಹಕರಲ್ಲಿ ಹೆಂಗಸರು ವರ್ಷಗಟ್ಟಲೆ ಶೇಕಡಾ ಹತ್ತನ್ನೂ ಮುಟ್ಟದೆ ಇದ್ದುದಕ್ಕೂ, ಆ ಹುದ್ದೆಗೆ ಆಸ್ಕರ್ ನಾಮನಿರ್ದೇಶನ ಮೊದಲ ಬಾರಿ ಒಬ್ಬ ಹೆಂಗಸಿಗೆ, ರೇಚೆಲ್ ಮಾರಿಸನ್ ಅವರಿಗೆ, ಸಿಕ್ಕಿದ್ದು 2018ರಲ್ಲಿ ಎಂಬುದಕ್ಕೂ ಏನೋ ಅರ್ಥವಿರಲೇಬೇಕು.

ಒಂದೇ ಪಾತ್ರ ಹತ್ತು ವರ್ಷಗಳಲ್ಲಿ ಬದಲಾದದ್ದನ್ನು ನೋಡಬೇಕೆಂದರೆ ಮಾರ್ವೆಲ್ ಸಾಹಸಚಿತ್ರಗಳ ಗೂಢಚಾರಿಣಿ ಬ್ಲ್ಯಾಕ್ ವಿಡೋ ಇದ್ದಾಳೆ. 2010ರ ‘ಐರನ್ ಮ್ಯಾನ್ 2’ರಲ್ಲಿ ಸ್ಕಾರ್ಲೆಟ್ ಜೋಹಾನ್ಸನ್ ಮೊದಲ ಸಲ ಬಂದಾಗ ನಾಯಕ ಅವಳ ಒಳಉಡುಪಿನ ಜಾಹೀರಾತಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹುಡುಕಿ ನೋಡುತ್ತಾನೆ, ತನಗೂ ಇಂಥದೊಂದು ಬೇಕು ಎನ್ನುತ್ತಾನೆ; ಅವಳು ಕಾರಿನ ಹಿಂದಿನ ಸೀಟಿನಲ್ಲಿ ಬಟ್ಟೆ ಬದಲಿಸುವಾಗ ಮುಂದಿನವನ ಕಣ್ಣು ಕನ್ನಡಿಯ ಮೇಲಿರುತ್ತದೆ. ಆ ಚಿತ್ರದಲ್ಲಿ ಪಾತ್ರವನ್ನು ಅತಿಯಾಗಿ ಕಾಮಪ್ರಚೋದಕವಾಗಿ ತೋರಿಸಲಾಗಿತ್ತು, ಅವಳನ್ನು ಒಂದು ವಸ್ತುವೆಂಬಂತೆ ಮಾತಾಡಿಕೊಂಡಿದ್ದರು ಎಂದು ಜೋಹಾನ್ಸನ್ ಅವರೇ ಆಮೇಲೆ ಹೇಳಿದರು. 2021ರಲ್ಲಿ ಕೇಟ್ ಶಾರ್ಟ್‌ಲ್ಯಾಂಡ್ ನಿರ್ದೇಶನದಲ್ಲಿ ಆ ಪಾತ್ರಕ್ಕೆ ತನ್ನದೇ ಚಿತ್ರ ಬಂದಾಗ, ಅದರಲ್ಲಿ ಒಬ್ಬ ತಂಗಿ ಇದ್ದಳು. ನೆಲಕ್ಕೆ ಒಂದು ಕೈ ಊರಿ, ಕೂದಲನ್ನು ಹಿಂದಕ್ಕೆ ಒಗೆದು ನಿಲ್ಲುವ ಅಕ್ಕನ ಭಂಗಿಯನ್ನು ಅವಳು ಅಣಕಿಸುತ್ತಾಳೆ: ಎಲ್ಲರೂ ನಿನ್ನನ್ನೇ ನೋಡುತ್ತಿದ್ದಾರೆ ಎಂದುಕೊಂಡಿದ್ದೀಯಲ್ಲ ಎಂಬ ಧಾಟಿಯಲ್ಲಿ. ತಾನು ಕೊಂಡ ತೋಳಿಲ್ಲದ ಜಾಕೆಟ್ಟಿಗೆ ಎಷ್ಟೊಂದು ಜೇಬುಗಳಿವೆ ಎಂಬುದು ಆ ತಂಗಿಯ ಬಹುದೊಡ್ಡ ಹೆಮ್ಮೆ. ಆ ಪಾತ್ರ ಮಾಡಿದವರು ಅದೇ ಫ್ಲಾರೆನ್ಸ್ ಪ್ಯೂ. ಎರಡು ವರ್ಷಗಳಾದ ಮೇಲೆ ನಮ್ಮ ಕಪ್ಪು ಉಡುಪಿನೊಳಗೆ ಕುಳಿತವರು. ಚೂಡಿದಾರಕ್ಕೆ ಜೇಬಿಡಿಸಲು ದರ್ಜಿಯೊಂದಿಗೆ ಜಗಳವಾಡಿದ ಯಾವ ಹೆಂಗಸಿಗಾದರೂ ಆ ಜೇಬಿನ ಮಾತು ಅರ್ಥವಾಗುತ್ತದೆ.

ಈ ವಿಷಯ ಎತ್ತಿದಾಗಲೆಲ್ಲ ಎರಡು ಆಕ್ಷೇಪಗಳು ಬರುತ್ತವೆ. ಗಂಡಸರ ಮೈಯನ್ನೂ ತೋರಿಸುತ್ತಾರಲ್ಲ ಎಂಬುದು ಮೊದಲನೆಯದು. ಹೌದು, ಥಾರ್‌ನ ಪಾತ್ರದಲ್ಲಿ ಕ್ರಿಸ್ ಹೆಮ್ಸ್‌ವರ್ತ್ ಅಂಗಿ ಕಳಚದ ಚಿತ್ರ ಅಪರೂಪ. ಆದರೆ ಅವನ ಅಂಗಿ ಕಳಚಿದಾಗ ಅವನ ಮಾತು ನಿಲ್ಲುವುದಿಲ್ಲ, ಅವನ ಬಲ ಕಡಿಮೆಯಾಗುವುದಿಲ್ಲ. ಆ ಮೈಯೇ ಅವನ ಬಲದ ಪ್ರದರ್ಶನ. ಇದಕ್ಕಿಂತ ಹೆಚ್ಚು ಹೊತ್ತನ್ನು ಆ ಆಕ್ಷೇಪಕ್ಕೆ ಕೊಡಬೇಕೆಂದು ನನಗೆ ಅನ್ನಿಸುವುದಿಲ್ಲ.

ಎರಡನೆಯದು ಗಟ್ಟಿಯಾದ ಆಕ್ಷೇಪ: ನಟಿಯೇ ಒಪ್ಪಿರುವಾಗ ನಿಮಗೇನು ಕಷ್ಟ? ಇದಕ್ಕೆ ನನ್ನಲ್ಲಿ ಒಂದೇ ಏಟಿಗೆ ಹೇಳುವ ಉತ್ತರವಿಲ್ಲ. ಮಾರ್ಗೋ ರಾಬಿ ಅವರನ್ನೇ ನೋಡಿ. 2013ರ ‘ದ ವುಲ್ಫ್ ಆಫ್ ವಾಲ್ ಸ್ಟ್ರೀಟ್’ನಲ್ಲಿ ಬತ್ತಲೆಯಾಗಿ ಬಾಗಿಲಲ್ಲಿ ನಿಲ್ಲುವ ದೃಶ್ಯಕ್ಕೆ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ನಿಲುವಂಗಿ ತೊಡಬಹುದು ಎಂದರೂ, ಆ ಪಾತ್ರಕ್ಕೆ ಇರುವ ಒಂದೇ ಆಯುಧ ಮೈ, ಆದ್ದರಿಂದ ಬೇಡ ಎಂದವರು ಅವರು. 2016ರ ‘ಸುಯಿಸೈಡ್ ಸ್ಕ್ವಾಡ್’ನಲ್ಲಿ ತಾವು ವಹಿಸಿದ ಪಾತ್ರ ಹಾರ್ಲಿ ಕ್ವಿನ್‌ಗೆ ತೊಡಿಸಿದ ಗೇಣುದ್ದದ ಚಡ್ಡಿ ಮತ್ತು ನೀರಿಗೆ ಒದ್ದೆಯಾಗುವ ಬಿಳಿ ಅಂಗಿ ಪಾತ್ರಕ್ಕೆ ಸರಿಯಿರಬಹುದು, ಮಾರ್ಗೋ ಆಗಿ ತನಗೆ ಅದು ಹಿಡಿಸಲಿಲ್ಲ ಎಂಬರ್ಥದಲ್ಲಿ ಹೇಳಿದವರೂ ಅವರೇ. ಮೊದಲನೆಯದರಲ್ಲಿ ಮೈ ಹೆಚ್ಚು ಕಂಡಿತು, ಆದರೆ ನಿರ್ಧಾರ ಅವರದಾಗಿತ್ತು. ಆಮೇಲೆ ಅವರು ಸಂದರ್ಶನಗಳಲ್ಲಿ ದೂರು ಹೇಳಿಕೊಂಡು ಕೂರಲಿಲ್ಲ, ಹಾರ್ಲಿಯ ಮುಂದಿನ ಚಿತ್ರಕ್ಕೆ ತಾವೇ ನಿರ್ಮಾಪಕಿಯಾದರು. 2020ರಲ್ಲಿ ಕ್ಯಾಥಿ ಯಾನ್ ನಿರ್ದೇಶನದಲ್ಲಿ ಬಂದ ‘ಬರ್ಡ್ಸ್ ಆಫ್ ಪ್ರೇ’ಯಲ್ಲಿ ಅದೇ ಹಾರ್ಲಿ, ಹೊಡೆದಾಟದ ನಡುವೆ ಉದ್ದ ಕೂದಲು ಮುಖಕ್ಕೆ ಬೀಳುತ್ತಿರುವ ಜೊತೆಗಾತಿಗೆ ಕೂದಲು ಕಟ್ಟಿಕೊಳ್ಳುವ ರಬ್ಬರ್ ಬ್ಯಾಂಡ್ ಬೇಕೇ ಎಂದು ಕೇಳುತ್ತಾಳೆ. ನನ್ನ ತಂಗಿಯ ಮಗಳು ಆ ಜಾಗದಲ್ಲಿ ಚಪ್ಪಾಳೆ ಹೊಡೆದಳು. (ಆ ಚಿತ್ರದಲ್ಲಿ ಹೊಡೆದಾಟ ವಿಪರೀತ ಕ್ರೂರವಾಗಿದೆ, ಅವಳ ವಯಸ್ಸಿಗೆ ತಕ್ಕದ್ದಲ್ಲ ಎಂದು ತಂಗಿ ನನ್ನನ್ನು ಆಮೇಲೆ ಬೈದದ್ದು ಬೇರೆ ಮಾತು.)

ಒಪ್ಪಿಗೆ ಎಂಬುದು ಪರದೆಯ ಮೇಲೆ ಕಾಣುವ ವಸ್ತುವಲ್ಲ. 2002ರ ‘ಫ್ರೀಡಾ’ ಚಿತ್ರದಲ್ಲಿ ಸಲ್ಮಾ ಹಾಯೆಕ್ ಇನ್ನೊಬ್ಬ ಹೆಂಗಸಿನೊಂದಿಗೆ ಇರುವ ಪ್ರಣಯದ ದೃಶ್ಯವನ್ನು ನಾನು ಬಹಳ ಕಾಲ ಸ್ವಾತಂತ್ರ್ಯದ ಚಿತ್ರವೆಂದೇ ತಿಳಿದಿದ್ದೆ. 2017ರ ಡಿಸೆಂಬರಿನಲ್ಲಿ ಅವರು ಬರೆದ ಲೇಖನವನ್ನು ಓದಿದ ಮೇಲೆ ಅದನ್ನು ಮತ್ತೆ ಹಾಗೆ ನೋಡಲಾಗಲಿಲ್ಲ. ಬತ್ತಲೆಯ ದೃಶ್ಯವಿಲ್ಲದಿದ್ದರೆ ಚಿತ್ರ ಮುಗಿಯಲು ಬಿಡುವುದಿಲ್ಲ ಎಂದು ನಿರ್ಮಾಪಕ ಹಾರ್ವೀ ವೈನ್‌ಸ್ಟೀನ್ ಪಟ್ಟು ಹಿಡಿದದ್ದು, ಚಿತ್ರೀಕರಣದ ದಿನ ಮೈ ನಡುಗಿ ಉಸಿರುಕಟ್ಟಿ ಅತ್ತದ್ದು, ಶಾಮಕ ಮಾತ್ರೆ ನುಂಗಿ ಕ್ಯಾಮೆರಾದ ಮುಂದೆ ಹೋದದ್ದು ಎಲ್ಲವನ್ನೂ ಅವರು ಅದರಲ್ಲಿ ಬರೆದಿದ್ದರು. ವೈನ್‌ಸ್ಟೀನ್ ಕಡೆಯವರು ಅಲ್ಲಗಳೆದರು. ಆ ವರ್ಷದ ನಂತರ ಬಂದ ಬದಲಾವಣೆಗಳಲ್ಲಿ ಮುಖ್ಯವಾದದ್ದು ಇಂಟಿಮಸಿ ಕೋಆರ್ಡಿನೇಟರ್ ಎಂಬ ಹೊಸ ಕೆಲಸ. ಸಾಹಸದ ದೃಶ್ಯಕ್ಕೆ ಸ್ಟಂಟ್ ಮಾಸ್ಟರ್ ಇರುವಂತೆ ಇಂಥ ದೃಶ್ಯಕ್ಕೂ ಒಬ್ಬರು: ಯಾವ ಅಂಗ ಕಾಣಬೇಕು, ಯಾವುದು ಕಾಣಬಾರದು, ಯಾರ ಕೈ ಎಲ್ಲಿರಬೇಕು, ಸೆಟ್ಟಿನಲ್ಲಿ ಯಾರು ಇರಬಾರದು ಎಂಬುದನ್ನು ಮೊದಲೇ ಕಾಗದದಲ್ಲಿ ಗೊತ್ತುಮಾಡಿಕೊಳ್ಳುವುದಕ್ಕೆ. 2018ರಲ್ಲಿ ಎಚ್‌ಬಿಒ ಇದನ್ನು ತನ್ನ ಧಾರಾವಾಹಿಗಳಿಗೆ ಕಡ್ಡಾಯವೆಂಬಂತೆ ಅಳವಡಿಸಿಕೊಂಡಿತು. 2020ರಲ್ಲಿ ಅಲ್ಲಿನ ನಟನಟಿಯರ ಸಂಘ ಮಾರ್ಗಸೂಚಿಗಳನ್ನು ಹೊರಡಿಸಿತು. ಇದು ನಟಿಯನ್ನು ಕಾಯುತ್ತದೆ, ಕಾಯಲೇಬೇಕು. ಪಾತ್ರವನ್ನು ಕಾಯುವುದು ಅದರ ಕೆಲಸವಲ್ಲ. ಎಲ್ಲ ಕಾಗದಗಳಿಗೂ ಸಹಿ ಬಿದ್ದ ಮೇಲೆಯೂ ಕ್ಯಾಮೆರಾ ತಗ್ಗಿನಲ್ಲೇ ಕುಳಿತಿರಬಹುದು.

ನನಗೆ ಇನ್ನೂ ಬಗೆಹರಿಯದ ಒಂದು ಚಿತ್ರವಿದೆ. ಶಾನ್ ಬೇಕರ್ ಅವರ 2024ರ ‘ಅನೋರಾ’ ಅತ್ಯುತ್ತಮ ಚಿತ್ರವೂ ಸೇರಿ ಐದು ಆಸ್ಕರ್ ಪಡೆಯಿತು. ಕ್ಲಬ್ಬಿನಲ್ಲಿ ಸಾಲಾಗಿ ಕುಣಿಯುವ ಹೆಂಗಸರ ಮುಂದೆ ಕ್ಯಾಮೆರಾ ಮೆಲ್ಲಗೆ ಸರಿಯುವುದರೊಂದಿಗೆ ಅದು ಶುರುವಾಗುತ್ತದೆ, ಮೊದಲ ಅರ್ಧ ಗಂಟೆ ಪೂರ್ತಿ ಮೈಯೇ ಮೈ. ಆದರೆ ಅಲ್ಲಿ ಕುಣಿಯುವ ನಾಯಕಿಯ ಪಾಲಿಗೆ ಅದು ಪಾಳಿಯ ಕೆಲಸ. ಆರೋಗ್ಯ ವಿಮೆ, ಪಿಂಚಣಿ ಏನನ್ನೂ ಕೊಡದ ನೀನು ನನ್ನ ಕೆಲಸದ ಹೊತ್ತನ್ನು ಹೇಗೆ ನಿರ್ಧರಿಸುತ್ತೀಯ ಎಂದು ಮಾಲೀಕನ ಮೇಲೆ ಹರಿಹಾಯುತ್ತಾಳೆ. ನಾಯಕಿಯ ಪಾತ್ರ ಮಾಡಿದ ಮೈಕಿ ಮ್ಯಾಡಿಸನ್ ಇಂಟಿಮಸಿ ಕೋಆರ್ಡಿನೇಟರ್ ಬೇಡವೆಂದು ತಾವೇ ನಿರ್ಧರಿಸಿದ್ದರು. ಒಂದು ದಿನ ಆ ಚಿತ್ರ ನನಗೆ ದುಡಿಯುವ ಹೆಂಗಸಿನ ಕಥೆಯಾಗಿ ಕಾಣುತ್ತದೆ, ಇನ್ನೊಂದು ದಿನ ಅದೇ ಹಳೆಯ ಸರಕು ಹೊಸ ಗೌರವದ ಹಾಳೆಯಲ್ಲಿ ಸುತ್ತಿ ಬಂದಂತೆ ಕಾಣುತ್ತದೆ. ಎರಡನೆಯ ಸಲ ನೋಡಿದಾಗ ಮೊದಲ ಅಭಿಪ್ರಾಯವೇ ಗಟ್ಟಿಯಾಯಿತು. ಮೂರನೆಯ ಸಲ ನೋಡುವ ಧೈರ್ಯ ಬಂದಿಲ್ಲ.

ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ, ಮಗಳು ಮಲಗಿದ ಮೇಲೆ ತಂಗಿಯೂ ನಾನೂ ಕುಳಿತು ‘ಆಪನ್‌ಹೈಮರ್’ ಹಾಕಿಕೊಂಡೆವು, ಈ ಸಲ ಪೂರ್ತಿ ಪ್ರತಿ. ಹೋಟೆಲ್ ಕೋಣೆಯ ದೃಶ್ಯ ಬಂತು. ಉಡುಪು ಇರಲಿಲ್ಲ. ಬೆಳಕು, ಕುರ್ಚಿ, ಮಾತು, ಅವಳು ಕುಳಿತ ದೂರ ಎಲ್ಲವೂ ನಾನು ಅಂದು ನೋಡಿದಂತೆಯೇ ಇದ್ದವು. ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಕ್ಕ, ಇವಳು ಏನು ಕೆಲಸ ಮಾಡ್ತಿದ್ದಳು?” ಎಂದು ಕೇಳಿದಳು.

“ಡಾಕ್ಟರ್. ಮನೋವೈದ್ಯೆ.”

“ಹೌದಾ?” ಎಂದು ಅವಳು ಪರದೆಯ ಕಡೆ ತಿರುಗಿದಳು. ಅಷ್ಟರಲ್ಲಿ ದೃಶ್ಯ ಬದಲಾಗಿತ್ತು.